ಹೇಳ್ಬೇಡಕ್ಕ ನೋಡಿದ ಕೊನೆಯ ಬಿಲ್ಲೆ

ಎಲ್ಲರಿಗೂ ನಮಸ್ಕಾರ. ವೇದಿಕೆಯ ಮೇಲಿರುವ ಮ್ಯಾನೇಜರ್ ಸಾಹೇಬರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನ ಯಜಮಾನರಾದ ಭಾವನವರಿಗೆ, ಅಕ್ಕನ ಮಗಳಿಗೆ, ಕುಲುಮೆಯಿಂದ, ಫೋರ್ಜಿಂಗಿನಿಂದ, ಪ್ರೆಸ್ಸಿನಿಂದ ಕೆಲಸದ ಬಟ್ಟೆಯಲ್ಲೇ ಎದ್ದು ಬಂದಿರುವ ನನ್ನ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ — ನಮಸ್ಕಾರ. ಬಾಗಿಲಲ್ಲಿ ನಿಂತಿರುವವರು ದಯವಿಟ್ಟು ಒಳಗೆ ಬನ್ನಿ. ಅಲ್ಲಿ ನಿಂತರೆ ಇದ್ದಬದ್ದ ಗಾಳಿಯೂ ಬರುವುದಿಲ್ಲ. ಈ ಕ್ಯಾಂಟೀನಿನ ಕಿಟಕಿಗಳು ತೆರೆಯುವುದಿಲ್ಲ ಅಂತ ನಿಮಗೂ ಗೊತ್ತು. ಬಣ್ಣ ಹೊಡೆದವರು ಚಿಲಕದ ಮೇಲೇ ಹೊಡೆದು ಹೋಗಿದ್ದಾರೆ.

ನನಗೆ ಭಾಷಣ ಬರುವುದಿಲ್ಲ. ನಾವು ಇವತ್ತು ಯಾರನ್ನು ನೆನೆಯಲು ಸೇರಿದ್ದೇವೋ ಆ ಅಕ್ಕನಿಗೂ ಬರುತ್ತಿರಲಿಲ್ಲ. ಇಬ್ಬರು ಮಾತು ಬಾರದವರು ಒಂದೇ ಕೋಣೆಯಲ್ಲಿ ಇಷ್ಟು ವರ್ಷ ಹೇಗೆ ಇದ್ದೆವು ಅಂತ ನೀವು ಕೇಳಬಹುದು. ಮಾತಾಡಬಾರದು ಅನ್ನುವುದೇ ಆ ಕೋಣೆಯ ನಿಯಮವಾಗಿತ್ತು. ಹಾಗಾಗಿ ಇದ್ದೆವು.

ಸಂಬಳದ ಚೀಟಿಯಲ್ಲಿ ಅವರ ಹುದ್ದೆ ಲೋಹಪರೀಕ್ಷಾ ವಿಭಾಗದ ಮುಖ್ಯಸ್ಥೆ ಅಂತ ಇತ್ತು. ನಿಮ್ಮ ಬಾಯಲ್ಲಿ ಅವರು ಹೇಳ್ಬೇಡಕ್ಕ. ಯಾಕೆ ಆ ಹೆಸರು ಬಂತು ಅಂತ ಹೊಸಬರಿಗೆ ಗೊತ್ತಿಲ್ಲದೆ ಇರಬಹುದು, ಹೇಳುತ್ತೇನೆ. ಉಕ್ಕಿನ ಒಂದು ಚೂರನ್ನು ಕತ್ತರಿಸಿ, ಬಿಲ್ಲೆಯ ಹಾಗೆ ಕೂರಿಸಿ, ಕನ್ನಡಿಯಾಗುವ ತನಕ ಉಜ್ಜಿ, ಆಮ್ಲದಲ್ಲಿ ಅದ್ದಿ ಮೈಕ್ರೋಸ್ಕೋಪಿನ ಕೆಳಗೆ ಇಡುತ್ತೇವೆ. ಮೊದಲು ಒಬ್ಬರು ನೋಡಬೇಕು. ಆಮೇಲೆ ಇನ್ನೊಬ್ಬರು. ಎರಡನೆಯವರು ನೋಡಿ ಮುಗಿಸುವ ತನಕ ಮೊದಲನೆಯವರು ತುಟಿ ಬಿಚ್ಚುವ ಹಾಗಿಲ್ಲ. ನಾನು ಸೇರಿದ ಮೊದಲ ದಿನ ಬಿಲ್ಲೆ ನೋಡಿ ಹುಮ್ಮಸ್ಸಿನಲ್ಲಿ ತಿರುಗಿದೆ. ಅಕ್ಕ ಹೀಗೆ — ಅಂಗೈ ಅಡ್ಡ ಹಿಡಿದರು. "ಹೇಳ್ಬೇಡ. ನೀನು ಹೇಳಿದರೆ ನಾನು ಉಕ್ಕು ನೋಡಲ್ಲ, ನಿನ್ನ ಮಾತು ನೋಡ್ತೀನಿ."

ಅಷ್ಟೇ ಅಲ್ಲ. ತಾವು ಮೊದಲು ನೋಡಿದ ದಿನ ಅವರು ಎದ್ದು ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಕಿಟಕಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ನಮ್ಮ ಲ್ಯಾಬಿನ ಕಿಟಕಿಯಿಂದ ಕಾಣುವುದು ಎದುರಿನ ಗೋದಾಮಿನ ಗೋಡೆ. ಅದರಲ್ಲಿ ನೋಡುವಂಥದ್ದು ಏನೂ ಇಲ್ಲ. "ಯಾಕಕ್ಕ ಅಲ್ಲಿ ನಿಲ್ತೀರಿ?" ಅಂತ ಕೇಳಿದೆ. "ನನ್ನ ಮೂತಿ ನೋಡಿ ನೀನು ಪತ್ತೆ ಹಚ್ಚಿಬಿಡ್ತೀಯ ಕಣಪ್ಪ" ಅಂದರು. ಇಷ್ಟು ವರ್ಷದಲ್ಲಿ ನಾನು ಅವರ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದೇನೆ. ಈಗಲೂ ಬಾಗಿಲು ತೆರೆದರೆ ಆ ಬೆನ್ನು ಅಲ್ಲೇ ಇರುತ್ತದೆ ಅಂತ ಅನಿಸುತ್ತದೆ.

ನಿನ್ನೆ ಅವರ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಕೇಳಿದಳು, "ಮಾಮ, ಅಮ್ಮ ಆ ಕೋಣೆಯಲ್ಲಿ ಅಷ್ಟು ವರ್ಷ ಏನು ನೋಡ್ತಿದ್ದಳು?" ಸಭೆಯಲ್ಲಿ ಹೇಳ್ತೀನಮ್ಮ ಅಂದೆ. ಮಗಳೇ — ಈಗ ಹೇಳುತ್ತೇನೆ, ಕೇಳು. ಬಲ್ಲವರು ಸ್ವಲ್ಪ ತಾಳ್ಮೆಯಿಂದ ಇರಿ.

ಇದು ನೋಡು, ನನ್ನ ಎರಡು ಮುಷ್ಟಿ. ಇವು ಕಬ್ಬಿಣದ ಪರಮಾಣುಗಳು ಅಂತ ಇಟ್ಟುಕೋ. ಹತ್ತಿರ ಹತ್ತಿರ ಕೂತಿವೆ. ನಡುವೆ — ಇಲ್ಲಿ — ಒಂದು ಸಂದು. ಆ ಸಂದಿನಲ್ಲಿ ನೈಟ್ರೋಜನ್ ಕೂರುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲು ಅದೇ. ಹೊರಗೆ ಸಾಧು ಪ್ರಾಣಿ, ಯಾರ ತಂಟೆಗೂ ಹೋಗುವುದಿಲ್ಲ. ಉಕ್ಕಿನ ಸಂದಿನೊಳಗೆ ಸಿಕ್ಕಿಕೊಂಡಾಗ ಮಾತ್ರ ಅದರ ಬಲ ಗೊತ್ತಾಗುತ್ತದೆ. ಉಕ್ಕಿನ ಪದರಗಳು ಒಂದರ ಮೇಲೊಂದು ಜಾರದ ಹಾಗೆ ತಡೆದು ನಿಲ್ಲಿಸುತ್ತದೆ. ನಿಕ್ಕಲ್ಲಿನಂಥ ದುಬಾರಿ ಲೋಹ ಮಾಡುವ ಕೆಲಸವನ್ನು ಬಿಟ್ಟಿ ಗಾಳಿ ಮಾಡಿಕೊಡುತ್ತದೆ. ಅದಕ್ಕೇ ನಮ್ಮ ಈ ವಿಭಾಗ. ಮ್ಯಾಂಗನೀಸು, ಕ್ರೋಮಿಯಂ ಸೇರಿಸಿದ ಉಕ್ಕಿಗೆ ಹಿಡಿಸುವಷ್ಟು ನೈಟ್ರೋಜನ್ ಕೂಡಿಸಿ ನಾವು ದೊಡ್ಡ ಬಳೆಗಳನ್ನು ಮಾಡುತ್ತೇವೆ. ವಿದ್ಯುತ್ ಕೇಂದ್ರದಲ್ಲಿ ತಿರುಗುವ ಯಂತ್ರದ ಎರಡೂ ತುದಿಗೆ ಅವನ್ನು ತೊಡಿಸುತ್ತಾರೆ. ಒಳಗಿನ ತಾಮ್ರದ ಸುರುಳಿ ತಿರುಗುವ ರಭಸಕ್ಕೆ ಹಾರಿಹೋಗದಂತೆ ಹಿಡಿದಿಡುವುದು ಆ ಬಳೆ. ಬಳೆ ಒಡೆದರೆ — ಬೇಡ, ಅದನ್ನು ನಾನು ಹೇಳಬೇಕಾಗಿಲ್ಲ.

ಹಿಡಿಸುವಷ್ಟು ಅಂದೆ. ಅದರಲ್ಲೇ ಇರುವುದು ಗುಟ್ಟು. ಕುಲುಮೆಯ ಮೇಸ್ತ್ರಿ ಯಾರು? ನಮ್ಮ ಭಾವನವರು. ಗಂಡ ಕರಗಿಸುವುದು, ಹೆಂಡತಿ ತೂಗುವುದು. ಇಂಥ ಸಂಸಾರ ಇನ್ನೆಲ್ಲಾದರೂ ಉಂಟೋ ಇಲ್ಲವೋ ನಾನು ಕಾಣೆ. ಮೊದಮೊದಲು ಒಂದು ಸಲ ಭಾವನವರು ಧಾರಾಳವಾಗಿ ನೈಟ್ರೋಜನ್ ತುಂಬಿಬಿಟ್ಟರು. ಕರಗಿದ ಉಕ್ಕು ಕುಡಿದಷ್ಟು ಗಾಳಿಯನ್ನು ಗಟ್ಟಿಯಾಗುವ ಉಕ್ಕು ಇಟ್ಟುಕೊಳ್ಳುವುದಿಲ್ಲ. ಅಚ್ಚಿನಲ್ಲಿ ಹೊಯ್ದದ್ದು ಹಿಟ್ಟಿನ ಹಾಗೆ ಉಬ್ಬಿತು. ಕತ್ತರಿಸಿ ನೋಡಿದರೆ ಒಳಗೆಲ್ಲ ತೂತು. ಅಕ್ಕ ಅದನ್ನು ಕೈಯಲ್ಲಿ ಹಿಡಿದು ಕುಲುಮೆಗೇ ಹೋದರು. ಎಲ್ಲರ ಎದುರು, "ರೀ, ಉಕ್ಕು ಮಾಡಿ ಅಂದರೆ ಬ್ರೆಡ್ ಮಾಡಿದ್ದೀರಲ್ಲ" ಅಂದರು. ಭಾವನವರು ಏನು ಹೇಳಿದರು, ನೆನಪಿದೆಯೇ? "ನಿನ್ನ ಕೈಯಡುಗೆ ತಿಂದೂ ತಿಂದೂ ನನಗೂ ಅದೇ ಬಂದಿದೆ ಕಣೆ." ಕುಲುಮೆಯವರು ನಗುತ್ತಿದ್ದೀರಿ. ಅವತ್ತೂ ಹೀಗೇ ನಕ್ಕಿದ್ದಿರಿ.

ಇನ್ನು, ಅಕ್ಕ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದದ್ದು ಏನು? ಚೆನ್ನಾಗಿರುವ ಉಕ್ಕು ನೆಲಕ್ಕೆ ಹಾಸಿದ ಕಲ್ಲಿನ ಹಾಗೆ ಕಾಣುತ್ತದೆ, ಮಗಳೇ. ಒಂದೊಂದು ಹರಳೂ ಒಂದೊಂದು ಕಲ್ಲು. ಕಲ್ಲಿಗೂ ಕಲ್ಲಿಗೂ ನಡುವಿನ ಗೆರೆ ಕೂದಲೆಳೆಯಷ್ಟು ಸಣ್ಣ. ಹರಳಿನ ಒಳಗೆ ಅಲ್ಲಲ್ಲಿ ಅಡಿಕೋಲು ಇಟ್ಟು ಎಳೆದಂಥ ಜೋಡಿಗೆರೆ. ನೋಡಿದರೆ ಮನಸ್ಸಿಗೆ ಹಾಯೆನಿಸುತ್ತದೆ. ಅದು ಹಾಗೆ ಇರಬೇಕಾದರೆ ಬಳೆಯನ್ನು ಕೆಂಪಗೆ ಕಾಯಿಸಿ, ನೈಟ್ರೋಜನ್ ಎಲ್ಲ ಕಡೆ ಸಮನಾಗಿ ಕರಗಿ ಕೂತಿರುವಾಗಲೇ, ತಟ್ಟನೆ ನೀರಿಗೆ ಇಳಿಸಬೇಕು. ತಟ್ಟನೆ.

ನಿಧಾನ ಮಾಡಿದರೆ? ಪೂರಾ ಬಿಸಿಯೂ ಅಲ್ಲ, ಪೂರಾ ತಣ್ಣಗೂ ಅಲ್ಲ, ನಡುವೆ ಒಂದು ಕೆಟ್ಟ ಹೊತ್ತು ಇದೆ. ಆ ಹೊತ್ತಿನಲ್ಲಿ ನೈಟ್ರೋಜನ್ನಿಗೆ ಕೂತಲ್ಲಿ ಕೂರಲು ಆಗುವುದಿಲ್ಲ, ಹೊರಗೆ ಹೋಗಲೂ ಆಗುವುದಿಲ್ಲ. ಅದು ಹರಳಿನ ಗಡಿಗೆ ಸರಿದು, ಅಲ್ಲಿ ಕ್ರೋಮಿಯಂ ಕೈ ಹಿಡಿದುಕೊಂಡು ಗಟ್ಟಿ ಕಣವಾಗಿ ಕೂತುಬಿಡುತ್ತದೆ. ಆಗ ಆ ಕೂದಲೆಳೆಯ ಗೆರೆ ದಪ್ಪಗಾಗಿ ಕಪ್ಪಗಾಗುತ್ತದೆ. ಅಲ್ಲಿಂದ ಒಳಮುಖವಾಗಿ ಬಾಚಣಿಗೆಯ ಹಲ್ಲಿನಂಥ ಪಟ್ಟೆಗಳು ಬೆಳೆಯುತ್ತವೆ. ತುಕ್ಕು ತಡೆಯಬೇಕಾದ ಕ್ರೋಮಿಯಂ ಎಲ್ಲ ಆ ಕಣದ ಪಾಲಾಗಿ, ಅಕ್ಕಪಕ್ಕ ಬರಿದು. ಹೊರಗಿನಿಂದ ಬಳೆ ಫಳಫಳ ಹೊಳೆಯುತ್ತಿರುತ್ತದೆ. ಒಳಗೆ ಗಡಿಗಡಿಯಲ್ಲೂ ಪೆಡಸು.

ಅಕ್ಕ ತಮ್ಮನ್ನೇ ನೈಟ್ರೋಜನ್ ಅಂತ ಕರೆದುಕೊಳ್ಳುತ್ತಿದ್ದರು. ಇದನ್ನು ಹೇಳಬೇಕೋ ಬೇಡವೋ ಅಂತ ಯೋಚಿಸಿದೆ — ಹೇಳಿಬಿಡುತ್ತೇನೆ. ಅವರಿಗೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಆಸೆ ಇತ್ತು. ಅಲ್ಲಿಯವರು ಕರೆದೂ ಇದ್ದರು. ಇಲ್ಲಿಂದ ಬಿಡುಗಡೆ ಸಿಗಲಿಲ್ಲ. ಕೇಳಿದಾಗಲೆಲ್ಲ "ನಿಮ್ಮಂಥವರು ಇನ್ನೊಬ್ಬರು ಸಿಗಲಿ, ಆಮೇಲೆ ನೋಡೋಣ" ಅನ್ನುವ ಉತ್ತರ. ಹೊಗಳಿಕೆಯಲ್ಲೇ ಕಟ್ಟಿಹಾಕಿದರು. ಬಿಟ್ಟು ಹೋಗೋಣ ಅಂದರೆ ಭಾವನವರ ಕೆಲಸವೂ ಇದೇ ಗೇಟಿನ ಒಳಗೆ, ಇರುವ ಮನೆಯೂ ಕಂಪನಿಯದ್ದೇ. "ನನ್ನನ್ನೂ ಹಿಂಗೇ ಸಂದಿಗೆ ತುರುಕಿದ್ದಾರೆ ಕಣಪ್ಪ" ಅನ್ನುತ್ತಿದ್ದರು ಅಕ್ಕ. "ಒಳಗಿದ್ದರೆ ಕೆಲಸಕ್ಕೆ ಬರ್ತೀನಿ ಅಂತ ಎಲ್ಲರಿಗೂ ಗೊತ್ತು. ಒಳಗಿರೋಕೆ ನನಗೆ ಹೇಗಾಗುತ್ತೆ ಅಂತ ಯಾರಿಗೂ ಬೇಕಾಗಿಲ್ಲ." ನಗುತ್ತಲೇ ಹೇಳಿದ್ದರು. ನಾನು ನಗಲಿಲ್ಲ.

ಈಗ — ಈಚಿನ ವಿಷಯಕ್ಕೆ ಬರುತ್ತೇನೆ. ಸಾಹೇಬರೇ, ಕ್ಷಮಿಸಿ, ನೀರು ಕುಡಿದು ಹೇಳುತ್ತೇನೆ.

ಕಳೆದ ವಾರ ಕಾಯಿಸಿದ ಬಳೆಗಳು ಈ ವರ್ಷದ ನಮ್ಮ ದೊಡ್ಡ ಕೆಲಸ. ಕುಲುಮೆಯಿಂದ ಕೆಂಪಗೆ ಹೊರಬಂದವು. ಕ್ರೇನು ಎತ್ತಿತು. ಎತ್ತಿ, ನೀರಿನ ತೊಟ್ಟಿಯ ಕಡೆಗೆ ಹೊರಟು — ನಡುವೆ ನಿಂತಿತು. ನೀವೆಲ್ಲ ನೋಡಿದ್ದೀರಿ. ಹಿಂದೆಯೂ ಹೋಗಲಿಲ್ಲ, ಮುಂದೆಯೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಕೆಂಪಗಿದ್ದ ಬಳೆಗಳು ನಮ್ಮ ತಲೆಯ ಮೇಲೆ ನೇತಾಡುತ್ತಾ ಮಂಕಾಗುತ್ತಾ ಹೋದವು. ಕ್ರೇನಣ್ಣ ಮೇಲಿನಿಂದ ಕೂಗಿ ಕೂಗಿ ಅವನ ಸ್ವರ ಬಿದ್ದುಹೋಯಿತು. ಆ ಕ್ರೇನಿನ ಮೋಟಾರು ರಿಪೇರಿ ಮಾಡಿಸಿ ಅಂತ ಅವನು ಕೇಳಿಕೊಳ್ಳುತ್ತಿರುವುದು ಇವತ್ತು ನಿನ್ನೆಯಿಂದಲ್ಲ. ಕೊನೆಗೆ ಹೇಗೋ ಹೊರಟಿತು, ಬಳೆಗಳು ನೀರಿಗೆ ಇಳಿದವು. ಆದರೆ ಆ ಕೆಟ್ಟ ಹೊತ್ತನ್ನು ಅವು ಗಾಳಿಯಲ್ಲೇ ಕಳೆದಿದ್ದವು. ಅವತ್ತಿನ ವರದಿಯಲ್ಲಿ ಕ್ರೇನು ನಿಂತೇ ಇಲ್ಲ. ಇಡೀ ಶಾಪು ಕಣ್ಣಾರೆ ಕಂಡದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಲ್ಯಾಬಿನವರು ಕಟ್ಟಲಿ ಅಂತ ಬಿಟ್ಟೆವು.

ಮಾರನೆಯ ದಿನ ಅಕ್ಕ ಆ ಬಳೆಯ ಚೂರು ತರಿಸಿಕೊಂಡು ಬಿಲ್ಲೆ ಮಾಡಿದರು. ನೋಡಿದರು. ನಾನು ಅವತ್ತು ರಜೆಯಲ್ಲಿದ್ದೆ, ಮನೆಯಲ್ಲಿ ಮಗುವಿಗೆ ಜ್ವರ. ಮರುದಿನ ಬೆಳಿಗ್ಗೆ ಬಂದು, ನನ್ನ ಹತ್ತಿರವಿದ್ದ ಇನ್ನೊಂದು ಬೀಗದ ಕೈಯಿಂದ ಲ್ಯಾಬು ತೆಗೆದೆ. ಬಿಲ್ಲೆ ಮೈಕ್ರೋಸ್ಕೋಪಿನ ಕೆಳಗೇ ಇತ್ತು, ಮೇಲೆ ಬಟ್ಟೆ ಹೊದಿಸಿತ್ತು. ನನ್ನ ಸ್ಟೂಲನ್ನು ಅಕ್ಕ ಅದರ ಎದುರು ಎಳೆದಿಟ್ಟು ಹೋಗಿದ್ದರು. ನಾನು ಕೂತು ಕಾದೆ. ಅವರು ಬರಲಿಲ್ಲ. ಲ್ಯಾಬಿನ ಮೆಟ್ಟಿಲ ಮೇಲೆ ಕುಸಿದರು ಅಂತ ಯಾರೋ ಓಡಿ ಬಂದು ಹೇಳಿದರು. ನಾನು ಇಳಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತಿತ್ತು. ಅವರ ಕೈಯಲ್ಲಿ ಲ್ಯಾಬಿನ ಬೀಗದ ಕೈ ಹಾಗೇ ಇತ್ತು.

ಈಗ ಸ್ವಲ್ಪ ಹೊತ್ತಿನ ಮುಂಚೆ ನಮ್ಮ ಸಾಹೇಬರು ಇದೇ ಮೈಕಿನಲ್ಲಿ ಒಂದು ಮಾತು ಹೇಳಿದರು. "ಕೊನೆಯ ದಿನವೂ ಅವರು ಬಳೆಗಳನ್ನು ಪಾಸು ಮಾಡಿಯೇ ಹೋದರು" ಅಂತ. ನೀವೆಲ್ಲ ತಲೆ ಆಡಿಸಿದಿರಿ. ಸಾಹೇಬರ ಬಗ್ಗೆ ನನಗೆ ಗೌರವ ಇದೆ. ಅವರ ಮೇಲೂ ಮೇಲಿನವರಿದ್ದಾರೆ, ಅವರ ಕುತ್ತಿಗೆಯೂ ಒಂದು ಕಡೆ ಸಿಕ್ಕಿಕೊಂಡಿದೆ, ಅದೂ ನನಗೆ ಗೊತ್ತು. ನಾನು ಅವರನ್ನು ಕೇಳಿದ್ದೆ, ಅಕ್ಕ ಏನಂದರು ಸರ್ ಅಂತ. ಸಾಹೇಬರು ನಿಜವನ್ನೇ ಹೇಳಿದರು. "ಸಾಯಂಕಾಲ ಕಾರಿಡಾರಿನಲ್ಲಿ ಸಿಕ್ಕರು. ಬಳೆ ಸರಿ ಇದೆ ತಾನೇ ಮೇಡಂ ಅಂದೆ. ಅವರು ಇಲ್ಲ ಅನ್ನಲಿಲ್ಲ. ಸುಮ್ಮನಿದ್ದರು."

ಸುಮ್ಮನಿದ್ದರು.

ಮೌನಂ ಸಮ್ಮತಿ ಲಕ್ಷಣಂ ಅನ್ನುತ್ತಾರೆ. ಊರಿಗೆಲ್ಲ ಆ ಮಾತು ಸಲ್ಲಬಹುದು, ಸಾಹೇಬರೇ. ನಮ್ಮ ಲ್ಯಾಬಿನಲ್ಲಿ ಸಲ್ಲುವುದಿಲ್ಲ. ಅಲ್ಲಿ ಮೌನ ಅಂದರೆ ಒಪ್ಪಿಗೆ ಅಲ್ಲ, ನಿರಾಕರಣೆಯೂ ಅಲ್ಲ. ಇನ್ನೊಬ್ಬರು ನೋಡಿಲ್ಲ, ಅವರು ನೋಡಲಿ — ಅಷ್ಟೇ. ನಾನು ನೋಡಿರಲಿಲ್ಲ. ಹಾಗಾಗಿ ಅವರು ಹೇಳಲಿಲ್ಲ. ಸ್ವಂತ ಗಂಡನಿಗೇ ಹೇಳಿಲ್ಲ. ಭಾವ, ನೀವು ನಿನ್ನೆ ನನಗೆ ಹೇಳಿದ್ದನ್ನು ಇಲ್ಲಿ ಹೇಳಬಹುದೇ? ... ಸರಿ. ಅವತ್ತು ಅಕ್ಕ ಮನೆಗೆ ಹೋಗಿ ತಟ್ಟೆಯ ಮುಂದೆ ಕೂತರಂತೆ. ಭಾವನವರು, "ನನ್ನ ಉಕ್ಕು ಹೇಗಿದೆ?" ಅಂತ ಕೇಳಿದರಂತೆ. "ಕೇಳಬೇಡ್ರಿ. ನಾಳೆ ಅವನು ನೋಡಲಿ" ಅಂದು ಅಕ್ಕ ಊಟ ಮುಟ್ಟದೆ ಎದ್ದರಂತೆ. ಅಂದಿನಿಂದ ಭಾವನವರಿಗೆ ಒಂದೇ ಕೊರಗು. ನನ್ನ ಕೈತಪ್ಪಿನಿಂದಲೇ ಅವಳ ಎದೆ ಒಡೆಯಿತೇನೋ ಅಂತ. ಭಾವ, ಇದೊಂದನ್ನು ನಾನು ನಿಯಮ ಮುರಿಯದೆ ಹೇಳಬಲ್ಲೆ. ಕರಗಿಸಿದ ಉಕ್ಕಿನ ಪರೀಕ್ಷೆ ಬೇರೆ, ಅದು ಮೊದಲೇ ಆಗಿತ್ತು. ನಾವಿಬ್ಬರೂ ಸಹಿ ಹಾಕಿದ್ದೆವು. ಒಂದು ತೂತಿಲ್ಲ, ನೈಟ್ರೋಜನ್ ಎಷ್ಟು ಬೇಕೋ ಅಷ್ಟೇ. ನಿಮ್ಮ ಕೈಯಿಂದ ಅದು ಒಳ್ಳೆಯದಾಗಿಯೇ ಹೊರಟಿತು.

ಅಕ್ಕ ಹೋದ ಮೇಲೆ ಸಾಹೇಬರು ನನ್ನನ್ನು ಕರೆದು ಕೂರಿಸಿದರು. "ಇನ್ನು ಆ ಕುರ್ಚಿ ನಿಮ್ಮದೇ" ಅಂದರು. ಅದೇ ಉಸಿರಿನಲ್ಲಿ, "ಒಂದು ಸಹಿ ಹಾಕಿಬಿಡ್ರಿ, ಅವರ ಕೊನೆಯ ಕೆಲಸ ಅರ್ಧಕ್ಕೆ ನಿಲ್ಲೋದು ಬೇಡ" ಅಂದರು. ಅಲ್ಲಿಂದ ಹೊರಗೆ ಬಂದರೆ ಪ್ರೆಸ್ಸಿನ ಗೆಳೆಯರು. "ಏನಪ್ಪ, ಬಳೆ ಯಾವಾಗ ಕಳಿಸ್ತೀಯ? ಈ ಆರ್ಡರು ಹೋದರೆ ನಮ್ಮ ಸೆಕ್ಷನ್ನೇ ಮುಚ್ಚಿಹೋಗುತ್ತಂತೆ." ಅತ್ತ ದರಿ, ಇತ್ತ ಪುಲಿ. ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ಆ ಬಿಲ್ಲೆ, ಆ ಸ್ಟೂಲು. ನೋಡಿದರೆ ಗೊತ್ತಾಗಿಬಿಡುತ್ತದೆ. ಗೊತ್ತಾದರೆ ಹೇಳಬೇಕಾಗುತ್ತದೆ. ನೋಡದೆ ಸಹಿ ಹಾಕಿದರೆ ಕುರ್ಚಿ ಸಿಗುತ್ತದೆ, ಸೆಕ್ಷನ್ನು ಉಳಿಯುತ್ತದೆ, ಎಲ್ಲರೂ ಬೆನ್ನು ತಟ್ಟುತ್ತಾರೆ. ನನಗೂ ಸಂಸಾರ ಇದೆ. ಆ ಬಟ್ಟೆಯನ್ನು ತೆಗೆಯುವ ಧೈರ್ಯ ನನಗೆ ನಿನ್ನೆಯವರೆಗೂ ಬರಲಿಲ್ಲ. ಅಕ್ಕ ಆ ಕೋಣೆಯಲ್ಲಿ ಎಂಥ ಇಕ್ಕಟ್ಟಿನಲ್ಲಿ ಬದುಕಿದರು ಅನ್ನುವುದು ನನಗೆ ಆಗ ಅರ್ಥವಾಯಿತು.

ಮಗಳು ಆ ಪ್ರಶ್ನೆ ಕೇಳಿದ ಮೇಲೆ ಇವತ್ತು ಬೆಳಿಗ್ಗೆ ಹೋದೆ. ಬಟ್ಟೆ ತೆಗೆದೆ. ನೋಡಿದೆ.

ಏನು ನೋಡಿದೆ ಅಂತ ಹೇಳುವುದಿಲ್ಲ. ಅಕ್ಕ ನೋಡಿದ್ದು ಅಕ್ಕನ ಜೊತೆ ಹೋಯಿತು, ಹಾಗಾಗಿ ಈಗ ಮೊದಲನೆಯ ಕಣ್ಣು ನನ್ನದು. ಎರಡನೆಯವರು ನೋಡುವ ತನಕ ನಾನು ತುಟಿ ಬಿಚ್ಚುವ ಹಾಗಿಲ್ಲ. ಸಹಿ ಹಾಕಿಲ್ಲ. ಬೆಳಿಗ್ಗೆಯಿಂದ ನನಗೂ ಊಟ ಸೇರಿಲ್ಲ. ಅದನ್ನು ನೀವು ಹೇಗೆ ಬೇಕಾದರೂ ತಿಳಿದುಕೊಳ್ಳಿ.

ಪ್ರೆಸ್ಸಿನವರೇ, ನಾಳೆ ಬೆಳಿಗ್ಗೆ ಆ ಬಳೆಗಳು ನಿಮ್ಮ ಹತ್ತಿರ ಬರಬೇಕು ಅಂತ ಆದೇಶ ಇದೆ. ತಣ್ಣಗಿರುವ ಬಳೆಯನ್ನು ಒಳಗಿನಿಂದ ಒತ್ತಿ ಹಿಗ್ಗಿಸುವ ಕೆಲಸ ನಿಮ್ಮದು. ಸುತ್ತಲೂ ನಿಂತಿರುವವರು ನೀವು. ಪೆಡಸಾದ ಬಳೆ ಹಿಗ್ಗುವುದಿಲ್ಲ, ಸಿಡಿಯುತ್ತದೆ. ಸಿಡಿಯದೆ ಹಿಗ್ಗಿತು ಅಂತಲೇ ಇಟ್ಟುಕೊಳ್ಳೋಣ. ಹಿಗ್ಗಿಸಿದ ಮೇಲೆ ಮತ್ತೆ ಕಾಯಿಸುವಂತಿಲ್ಲ, ಹಿಗ್ಗಿಸಿ ಪಡೆದ ಬಲ ಹೋಗಿಬಿಡುತ್ತದೆ. ಇವತ್ತಾದರೆ ದಾರಿ ಇದೆ. ಮತ್ತೆ ಕೆಂಪಗೆ ಕಾಯಿಸಿದರೆ ಗಡಿಯಲ್ಲಿ ಕೂತದ್ದು ಕರಗಿ ಒಳಗೆ ಹೋಗುತ್ತದೆ. ತಟ್ಟನೆ ನೀರಿಗೆ ಇಳಿಸಿದರೆ ಅಲ್ಲೇ ಉಳಿಯುತ್ತದೆ. ಹರಳು ಸ್ವಲ್ಪ ದಪ್ಪವಾಗಬಹುದು, ಅದನ್ನೂ ನೋಡಿಯೇ ಹೇಳಬೇಕು. ಆದರೆ ಮತ್ತೆ ಯಾಕೆ ಕಾಯಿಸಬೇಕು ಅಂತ ಮೇಲಿನವರು ಕೇಳುತ್ತಾರೆ. ಕ್ರೇನು ನಿಂತಿತ್ತು ಅಂತ ಯಾರಾದರೂ ಹೇಳಬೇಕಾಗುತ್ತದೆ. ಆ ಕ್ರೇನನ್ನು ರಿಪೇರಿ ಮಾಡಿಸಬೇಕಾಗುತ್ತದೆ. ಸರಿ, ನಾನು ಹೇಳಿದ್ದೇನೆ. ಕ್ರೇನು ನಿಂತಿತ್ತು. ಕ್ರೇನಣ್ಣ, ತಲೆ ಎತ್ತಿ ಕೂತ್ಕೊಳಪ್ಪ. ಅದು ನಿನ್ನ ತಪ್ಪಲ್ಲ.

ಕಾಗದದ ಲೆಕ್ಕಕ್ಕೆ ಹೊರಗಿನ ಲ್ಯಾಬಿನವರು ಬರಲಿ, ಅವರು ಎರಡನೆಯ ಕಣ್ಣಾಗಲಿ. ಅವರು ಬರುವ ತನಕ ಬಳೆಗಳು ಇದ್ದಲ್ಲೇ ಇರುತ್ತವೆ. ಸಾಹೇಬರು ನನ್ನನ್ನು ಏನು ಮಾಡುತ್ತಾರೋ ಮಾಡಲಿ. ಆದರೆ ಇವತ್ತು, ಅಕ್ಕನ ಲೆಕ್ಕಕ್ಕೆ, ಎರಡನೆಯ ಕಣ್ಣು ಒಂದು ಬೇಕು. ಭಾವ, ಇಷ್ಟು ವರ್ಷ ನೀವು ಒಂದು ಸಲವೂ ಆ ಮೈಕ್ರೋಸ್ಕೋಪಿನಲ್ಲಿ ಇಣುಕಿಲ್ಲ. "ಮಾಡೋದು ನಾನು, ನೋಡೋದು ಅವಳು" ಅನ್ನುತ್ತಿದ್ದಿರಿ. ಚೆನ್ನಾಗಿದ್ದರೆ ಹೇಗಿರುತ್ತದೆ, ಕೆಟ್ಟಿದ್ದರೆ ಹೇಗಿರುತ್ತದೆ, ಎರಡನ್ನೂ ಈಗ ನಿಮ್ಮ ಮಗಳಿಗೆ ಹೇಳಿದ್ದೇನೆ. ಅಲ್ಲಿರುವುದು ಯಾವುದು ಅಂತ ಹೇಳಿಲ್ಲ. ಲ್ಯಾಬು ಈ ಕಾರಿಡಾರಿನ ಕೊನೆಗೇ ಇದೆ. ಬೀಗ ತೆಗೆದಿದೆ, ಮೈಕ್ರೋಸ್ಕೋಪಿನ ದೀಪ ಉರಿಯುತ್ತಿದೆ, ಸ್ಟೂಲು ಅಕ್ಕ ಎಳೆದಿಟ್ಟಲ್ಲೇ ಇದೆ. ಮಗಳೇ, ಅಪ್ಪನ ಕೈ ಹಿಡಿದು ಕರೆದುಕೊಂಡು ಹೋಗು.

ಉಳಿದವರೆಲ್ಲ ದಯವಿಟ್ಟು ಎದ್ದು ನಿಲ್ಲಿ. ಕುರ್ಚಿ ಸದ್ದಾದರೂ ಪರವಾಗಿಲ್ಲ. ಕೈ ಹಿಂದೆ ಕಟ್ಟಿಕೊಳ್ಳಿ. ಕಿಟಕಿಯ ಕಡೆ ತಿರುಗಿ. ಅದು ತೆರೆಯುವುದಿಲ್ಲ, ಆಚೆ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ, ನನಗೆ ಗೊತ್ತು. ಅಕ್ಕ ಜೀವಮಾನವೆಲ್ಲ ಹಾಗೇ ನಿಂತಿದ್ದರು. ಸಾಹೇಬರೇ, ನೀವೂ. ಈ ಮೌನಕ್ಕೆ ಗಡಿಯಾರ ನೋಡುವುದು ಬೇಡ. ಭಾವನವರು ನೋಡಿ, ವಾಪಸು ಬಂದು, ಈ ಬಾಗಿಲಲ್ಲಿ ನಿಂತು ತಾವಾಗಿ ಬಾಯಿ ತೆರೆಯುವ ತನಕ ನಾವು ಯಾರೂ ಮಾತಾಡುವುದಿಲ್ಲ.